ಗ್ರಾಫಿಕ್ಸ್ ಕಾರ್ಡಿನ ಬಿಸಿ ಮತ್ತು ಸಂಪಾಜೆಯ ಗಾಳಿ

ಸುಳ್ಯದ ಕಡೆಯಿಂದ ಮಡಿಕೇರಿಗೆ ಹೊರಟವರು ಸಂಪಾಜೆಯ ಗೇಟು ದಾಟಿದರೆಂದರೆ ಘಟ್ಟ ಶುರುವಾಯಿತೆಂದೇ ಲೆಕ್ಕ. ಮೊದಲೆಲ್ಲ ಹಳೆಯ ಲಾರಿಗಳು ತುಂಬಿದ ಹೊರೆಯೊಡನೆ ಈ ದಾರಿಯಲ್ಲಿ ಏದುಸಿರು ಬಿಡುತ್ತ ಹತ್ತುವಾಗ ಅಲ್ಲಲ್ಲಿ ನಿಂತುಬಿಡುತ್ತಿದ್ದವು. ಕ್ಲೀನರ್ ಹುಡುಗ ಡಬ್ಬ ಹಿಡಿದು ರಸ್ತೆ ಬದಿಯ ತೊರೆಗೆ ಇಳಿಯುತ್ತಿದ್ದ. ಚಾಲಕ ರೇಡಿಯೇಟರಿನ ಮುಚ್ಚಳಕ್ಕೆ ಒದ್ದೆ ಗೋಣಿ ಹಾಕಿ, ಮುಖ ದೂರ ಹಿಡಿದು, ಮೆಲ್ಲನೆ ತಿರುಗಿಸುತ್ತಿದ್ದ. ಎಂಜಿನ್ ಅದೇ, ಡೀಸೆಲ್ ಅದೇ. ಬಯಲಿನಲ್ಲಿ ಬಾರದ ತೊಂದರೆ ಏರಿನಲ್ಲಿ ಏಕೆ ಬಂತು? ಏರಿನಲ್ಲಿ ಎಂಜಿನ್ ಹೆಚ್ಚು ಕೆಲಸ ಮಾಡಬೇಕು, ಆದ್ದರಿಂದ ಹೆಚ್ಚು ಶಾಖ ಹುಟ್ಟುತ್ತದೆ. ಅದೇ ಹೊತ್ತಿಗೆ ಲಾರಿ ನಿಧಾನವಾಗಿ ಚಲಿಸುವುದರಿಂದ ರೇಡಿಯೇಟರಿಗೆ ಬಡಿಯುವ ಗಾಳಿ ಕಡಿಮೆಯಾಗುತ್ತದೆ. ಹುಟ್ಟುವ ಶಾಖ ಹೆಚ್ಚು, ಹೊರಹೋಗುವ ದಾರಿ ಕಿರಿದು. ಈ ಎರಡು ಮಾತು ನೆನಪಿನಲ್ಲಿದ್ದರೆ ಮುಂದಿನದೆಲ್ಲ ಸುಲಭ.

ಕಿರುತೆರೆಯ ಮಾತುಕತೆಯಲ್ಲಿ ಹೊತ್ತು ಬೇಗ ಕಳೆದುಹೋಗುತ್ತದೆ, ಲೆಕ್ಕವನ್ನು ಹಲಗೆಯ ಮೇಲೆ ಬರೆದು ತೋರಿಸುವ ಪುರುಸೊತ್ತು ಇರುವುದಿಲ್ಲ. ಆ ಕೊರತೆಯನ್ನು ಈ ಪುಟಗಳಲ್ಲಿ ತುಂಬಿಕೊಳ್ಳೋಣ.

ನನ್ನ ತಂಗಿಯ ಮನೆ ಸಂಪಾಜೆಯಲ್ಲಿ, ಅಡಿಕೆ ತೋಟದ ನಡುವೆ. ಅವಳ ಮಗ ಸುಳ್ಯದಲ್ಲಿ ಬಿ.ಸಿ.ಎ. ಓದುತ್ತಾನೆ. ಒಂದು ಏಪ್ರಿಲ್ ತಿಂಗಳಲ್ಲಿ ಅಲ್ಲಿಗೆ ಹೋದಾಗ ಅವನ ಕೋಣೆಯಲ್ಲಿ ಒಂದು ವಿಚಿತ್ರ ಕಂಡೆ. ಕಂಪ್ಯೂಟರಿನ ಪೆಟ್ಟಿಗೆಯ ಪಕ್ಕದ ತಗಡು ಕಳಚಿ ಗೋಡೆಗೆ ಒರಗಿತ್ತು, ಮನೆಯ ಟೇಬಲ್ ಫ್ಯಾನ್ ಅದರ ಹೊಟ್ಟೆಯೊಳಗೆ ಮುಖ ಮಾಡಿ ಜೋರಾಗಿ ತಿರುಗುತ್ತಿತ್ತು. ಹುಡುಗ ಮಾತ್ರ ಬೆವರು ಒರೆಸುತ್ತ ಕೂತಿದ್ದ.

“ಏನೋ ಇದು?” ಎಂದೆ.

“ಮಾವಾ, ಫ್ಯಾನ್ ತೆಗೆದರೆ ಎಂಬತ್ತಕ್ಕೆ ಹೋಗುತ್ತದೆ” ಎಂದ.

ಎಂಬತ್ತು ಎಂದದ್ದು ಗ್ರಾಫಿಕ್ಸ್ ಕಾರ್ಡಿನ ಉಷ್ಣತೆ, ಸೆಲ್ಸಿಯಸ್ ಲೆಕ್ಕದಲ್ಲಿ. ಕಾಲೇಜಿಗೆ ಒಪ್ಪಿಸಬೇಕಾದ ಇಪ್ಪತ್ತು ಸೆಕೆಂಡಿನ ಅನಿಮೇಷನ್ ಚಿತ್ರವನ್ನು ಅವನು ಬ್ಲೆಂಡರ್ ಎಂಬ ಉಚಿತ ತಂತ್ರಾಂಶದಲ್ಲಿ ಮಾಡುತ್ತಿದ್ದ. ಸೆಕೆಂಡಿಗೆ 24 ಚಿತ್ರ, ಇಪ್ಪತ್ತು ಸೆಕೆಂಡಿಗೆ 480 ಚಿತ್ರ. ಒಂದೊಂದಕ್ಕೂ ಯಂತ್ರ ಮೂರು ನಿಮಿಷ ತೆಗೆದುಕೊಂಡರೆ ಒಟ್ಟು 1,440 ನಿಮಿಷ, ಅಂದರೆ ಸರಿಯಾಗಿ ಒಂದು ಹಗಲು, ಒಂದು ರಾತ್ರಿ. ಸೋಮವಾರ ಒಪ್ಪಿಸಬೇಕು, ನಡುವೆ ಕರೆಂಟು ಹೋಗದೆ ಇರುತ್ತದೆಂಬ ಭರವಸೆ ಇಲ್ಲ. ಹೊಸ ಕಾರ್ಡು ಕೊಳ್ಳುವ ಮಾತನ್ನು ಆ ಮನೆಯಲ್ಲಿ ಎತ್ತುವಂತಿರಲಿಲ್ಲ. ಇರುವ ಕಾರ್ಡನ್ನೇ ವೇಗವಾಗಿ ಓಡಿಸಿದರೆ? ಇದಕ್ಕೇ ಓವರ್‌ಕ್ಲಾಕಿಂಗ್ ಎನ್ನುವುದು. ಅವನು ಹಿಂದಿನ ರಾತ್ರಿ ಅದನ್ನು ಮಾಡಿಯೂ ನೋಡಿದ್ದ. ಇನ್ನೂರರ ಆಸುಪಾಸಿನ ಚಿತ್ರಕ್ಕೆ ಬಂದಾಗ ಯಂತ್ರ ಸ್ತಬ್ಧವಾಗಿತ್ತು. ಅದಕ್ಕೂ ಮೊದಲಿನ ಕೆಲವು ಚಿತ್ರಗಳಲ್ಲಿ ಅಲ್ಲಲ್ಲಿ ಸಾಸಿವೆ ಚೆಲ್ಲಿದಂತೆ ಬಣ್ಣದ ಚುಕ್ಕೆಗಳು.

ಯಂತ್ರದ ಗಡಿಯಾರ ಎಂದರೇನು ಎಂಬುದನ್ನು ಮೊದಲು ನೋಡೋಣ. ಚಿಪ್ಪಿನೊಳಗಿನ ಕೋಟ್ಯಂತರ ಟ್ರಾನ್ಸಿಸ್ಟರುಗಳು ಒಂದೇ ತಾಳಕ್ಕೆ ಹೆಜ್ಜೆ ಹಾಕಬೇಕು. ಆ ತಾಳ ಹಾಕುವುದು ಗಡಿಯಾರದ ಮಿಡಿತ. ಒಂದು ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ ನೂರು ಕೋಟಿ ಮಿಡಿತ. ತಾಳವನ್ನು ಚುರುಕುಗೊಳಿಸಿದರೆ ಅದೇ ಹೊತ್ತಿನಲ್ಲಿ ಹೆಚ್ಚು ಕೆಲಸ ಆಗುತ್ತದೆ. ಆದರೆ ಒಂದು ಮಿಡಿತಕ್ಕೂ ಇನ್ನೊಂದಕ್ಕೂ ನಡುವೆ ಪ್ರತಿಯೊಂದು ಸಂಕೇತವೂ ತನ್ನ ಜಾಗಕ್ಕೆ ತಲಪಿರಬೇಕು. ತಲಪದಿದ್ದರೆ ಸೊನ್ನೆ ಇರಬೇಕಾದಲ್ಲಿ ಒಂದು, ಒಂದು ಇರಬೇಕಾದಲ್ಲಿ ಸೊನ್ನೆ. ಹುಡುಗನ ಚಿತ್ರದಲ್ಲಿ ಕಂಡ ಸಾಸಿವೆ ಚುಕ್ಕೆಗಳು ಇವೇ.

ತಯಾರಕರು ಗಡಿಯಾರದ ವೇಗವನ್ನು ಗೊತ್ತುಮಾಡುವಾಗ ಸ್ವಲ್ಪ ಮಿಗಿಲು ಇಟ್ಟುಕೊಂಡೇ ಗೊತ್ತುಮಾಡುತ್ತಾರೆ. ಈ ಮಿಗಿಲನ್ನು ಬಳಸಿಕೊಂಡವರ ಕತೆಗಳಲ್ಲಿ ತುಂಬ ಹೆಸರಾದದ್ದು 1998ರದು. ಆ ವರ್ಷ ಇಂಟೆಲ್ ಕಂಪನಿಯ ಅಗ್ಗದ ಸೆಲೆರಾನ್ 300ಎ ಎಂಬ ಪ್ರೊಸೆಸರ್ ಮಾರುಕಟ್ಟೆಗೆ ಬಂತು. ಅದರ ಗಡಿಯಾರ 300 ಮೆಗಾಹರ್ಟ್ಸ್. ಮದರ್‌ಬೋರ್ಡಿನ 66 ಮೆಗಾಹರ್ಟ್ಸ್ ತಾಳವನ್ನು 100ಕ್ಕೆ ಏರಿಸಿದರೆ ಸಾಕು, ನಾಲ್ಕೂವರೆ ಪಟ್ಟಿನ ಗುಣಾಕಾರದಿಂದ ಅದು 450 ಮೆಗಾಹರ್ಟ್ಸಿನಲ್ಲಿ ಓಡುತ್ತಿತ್ತು. ಒಂದೂವರೆ ಪಟ್ಟು! ದುಬಾರಿ ಪ್ರೊಸೆಸರಿನ ಕೆಲಸ ಅಗ್ಗದ ಬೆಲೆಗೆ ಸಿಕ್ಕಿತೆಂದು ಜಗತ್ತಿನ ವಿದ್ಯಾರ್ಥಿಗಳೆಲ್ಲ ಕುಣಿದಾಡಿದರು. ಅಂಥ ಕಾಲ ಈಗಿಲ್ಲ ಎಂಬುದನ್ನೂ ಹೇಳಿಬಿಡಬೇಕು. 2012ರಲ್ಲಿ ಎನ್‌ವಿಡಿಯಾ ಕಂಪನಿ ಜಿಟಿಎಕ್ಸ್ 680 ಎಂಬ ಕಾರ್ಡಿನೊಡನೆ ‘ಬೂಸ್ಟ್’ ಎಂಬ ಏರ್ಪಾಡು ತಂದಿತು. ಅಂದಿನಿಂದ ಕಾರ್ಡು ತನ್ನ ಉಷ್ಣತೆಯನ್ನೂ ವಿದ್ಯುತ್ ಬಳಕೆಯನ್ನೂ ತಾನೇ ನೋಡಿಕೊಂಡು, ತಂಪಾಗಿದ್ದರೆ ವೇಗ ಏರಿಸಿಕೊಳ್ಳುತ್ತದೆ, ಬಿಸಿಯಾದರೆ ಇಳಿಸಿಕೊಳ್ಳುತ್ತದೆ. ಮಿಗಿಲಿನ ಬಹುಪಾಲನ್ನು ಅದೇ ತಿಂದು ಮುಗಿಸಿರುತ್ತದೆ. ನಮಗೆ ಉಳಿಯುವುದು ತಳದ ಗಸಿಯಷ್ಟು. ಆ ಗಸಿಯನ್ನು ಪಡೆಯುವ ಬಗೆ ಕಾರ್ಡನ್ನು ತಂಪಾಗಿಡುವುದು.

ಇನ್ನೊಂದು ಮಾತು. ತಯಾರಕರು ಆ ಮಿಗಿಲನ್ನು ಇಟ್ಟದ್ದಾದರೂ ಯಾರಿಗಾಗಿ? ಧೂಳು ತುಂಬಿದ, ಏಪ್ರಿಲ್ ತಿಂಗಳ, ಹಂಚಿನ ಮಾಡಿನ ಕೆಳಗಿನ ಕೋಣೆಗಾಗಿ. ಅಂದರೆ ನಮಗಾಗಿಯೇ. ಫಿನ್ಲೆಂಡಿನಂಥ ಚಳಿಯ ದೇಶದಲ್ಲಿ ಕೂತವನಿಗೆ ಆ ಮಿಗಿಲು ಬೇಡ, ಅವನು ಅದನ್ನು ವೇಗಕ್ಕೆ ಬಳಸಿಕೊಳ್ಳುತ್ತಾನೆ. ಅವನು ಬರೆದಿಟ್ಟ ಸಂಖ್ಯೆಗಳನ್ನು ಸಂಪಾಜೆಯಲ್ಲಿ ಹಾಗೇ ನಕಲು ಮಾಡಿದರೆ ಯಂತ್ರ ನಿಲ್ಲದೆ ಇನ್ನೇನಾದೀತು?

ಈಗ ಶಾಖದ ಲೆಕ್ಕ. ಹುಡುಗನ ಕಾರ್ಡು 2016ರಲ್ಲಿ ಬಂದ ಜಿಟಿಎಕ್ಸ್ 1060. ಅದರ ಚಿಪ್ 200 ಚದರ ಮಿಲಿಮೀಟರ್, ಅಂದರೆ ಎರಡು ಚದರ ಸೆಂಟಿಮೀಟರ್, ಅಂಚೆಚೀಟಿಗಿಂತಲೂ ಚಿಕ್ಕದು. ಕಾರ್ಡಿನ ವಿದ್ಯುತ್ ಬಳಕೆ 120 ವ್ಯಾಟ್. ಲೆಕ್ಕ ಸುಲಭವಾಗಲೆಂದು ಅಷ್ಟೂ ಚಿಪ್ಪಿನಲ್ಲೇ ಶಾಖವಾಗುತ್ತದೆ ಎಂದಿಟ್ಟುಕೊಳ್ಳಿ. ಚದರ ಸೆಂಟಿಮೀಟರಿಗೆ 60 ವ್ಯಾಟ್ ಆಯಿತು. ಅಡುಗೆ ಮನೆಯ 1,500 ವ್ಯಾಟಿನ ವಿದ್ಯುತ್ ಒಲೆಯ ತಟ್ಟೆ ಹದಿನೆಂಟು ಸೆಂಟಿಮೀಟರ್ ಅಗಲದ್ದಾದರೆ ಅಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 6 ವ್ಯಾಟ್. ದೋಸೆ ಸುಡುವ ತಟ್ಟೆಗಿಂತ ಹತ್ತು ಪಟ್ಟು ದಟ್ಟವಾದ ಶಾಖ ಆ ಪುಟ್ಟ ಚಿಪ್ಪಿನಿಂದ ಹೊರಡುತ್ತದೆ. ಅದನ್ನು ಎಳೆದೊಯ್ಯುವ ಏರ್ಪಾಡು ಕೆಲವು ಕ್ಷಣ ತಪ್ಪಿದರೂ ಕತೆ ಮುಗಿಯಿತು.

ಕೋಣೆಯ ಉಷ್ಣತೆ 32 ಡಿಗ್ರಿ, ಚಿಪ್ಪಿನದು 80. ವ್ಯತ್ಯಾಸ 48. ಇದನ್ನು 120 ವ್ಯಾಟಿನಿಂದ ಭಾಗಿಸಿದರೆ ವ್ಯಾಟಿಗೆ 0.40 ಡಿಗ್ರಿ. ಇದಕ್ಕೆ ಉಷ್ಣ ತಡೆ ಎನ್ನೋಣ. ವಿದ್ಯುತ್ತಿನ ಪಾಠದ ಓಮ್ ನಿಯಮವೇ ಇಲ್ಲಿ ವೇಷ ಬದಲಿಸಿ ಬಂದಿದೆ: ವೋಲ್ಟೇಜಿನ ಜಾಗದಲ್ಲಿ ಉಷ್ಣತೆಯ ವ್ಯತ್ಯಾಸ, ಕರೆಂಟಿನ ಜಾಗದಲ್ಲಿ ಶಾಖ. ನಾವು ಮಾಡುವ ಎಲ್ಲ ಮಾರ್ಪಾಟುಗಳ ಗುರಿ ಈ 0.40ನ್ನು ತಗ್ಗಿಸುವುದು, ಅಷ್ಟೇ. ಟೇಬಲ್ ಫ್ಯಾನ್ ಇಟ್ಟದ್ದೂ ಅದಕ್ಕೇ, ಆದರೆ ಅದು ತಡೆ ಇರುವ ಜಾಗಕ್ಕೆ ಮದ್ದಾಗಿರಲಿಲ್ಲ.

ತಡೆ ಎಲ್ಲಿ ಅಡಗಿರುತ್ತದೆ? ಚಿಪ್ಪಿನಿಂದ ಹೊರಟ ಶಾಖ ಮೊದಲು ದಾಟಬೇಕಾದದ್ದು ಚಿಪ್ಪಿಗೂ ಮೇಲಿನ ಲೋಹದ ತಳಕ್ಕೂ ನಡುವಿನ ಸಂದು. ಎರಡೂ ಕಣ್ಣಿಗೆ ನುಣುಪಾಗಿ ಕಂಡರೂ ಸೂಕ್ಷ್ಮವಾಗಿ ಉಬ್ಬುತಗ್ಗು ಇದ್ದೇ ಇರುತ್ತವೆ, ತಗ್ಗುಗಳಲ್ಲಿ ಗಾಳಿ ಕೂತಿರುತ್ತದೆ. ತಾಮ್ರದ ಉಷ್ಣವಾಹಕತೆ ಸುಮಾರು 400 ಎಂದರೆ ಅಲ್ಯೂಮಿನಿಯಮ್ಮಿನದು 230ರ ಆಸುಪಾಸು, ಒಳ್ಳೆಯ ಪೇಸ್ಟಿನದು 5ರಿಂದ 10, ನಿಂತ ಗಾಳಿಯದು ಬರೀ 0.026. (ಮೀಟರಿಗೆ, ಕೆಲ್ವಿನಿಗೆ ಇಷ್ಟು ವ್ಯಾಟ್ ಎಂಬುದು ಅಳತೆ.) ಗಾಳಿಯನ್ನು ಓಡಿಸಿ ಆ ಜಾಗ ತುಂಬಲೆಂದೇ ಥರ್ಮಲ್ ಪೇಸ್ಟ್ ಇರುವುದು. ಗಾಳಿಗಿಂತ ಅದು ನೂರಾರು ಪಟ್ಟು ಮೇಲು, ಆದರೆ ತಾಮ್ರಕ್ಕಿಂತ ಬಹಳ ಕೀಳು. ಆದ್ದರಿಂದ ತೆಳುವಾಗಿದ್ದಷ್ಟೂ ಒಳ್ಳೆಯದು. ರೊಟ್ಟಿಗೆ ಬೆಣ್ಣೆ ಬಳಿದಂತೆ ಬಳಿಯುವವರು ಲಾಭವನ್ನು ತಾವೇ ಕಳೆದುಕೊಳ್ಳುತ್ತಾರೆ. ವರ್ಷಗಳು ಕಳೆದಂತೆ ಈ ಪೇಸ್ಟ್ ಒಣಗಿ ಸುಣ್ಣದ ಹಕ್ಕಳೆಯಂತಾಗುತ್ತದೆ. ಹುಡುಗನ ಕಾರ್ಡು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡ ಎರಡನೇ ಕೈಯದು. 2022ರ ಸೆಪ್ಟೆಂಬರಿನಲ್ಲಿ ಎಥೀರಿಯಮ್ ಎಂಬ ಡಿಜಿಟಲ್ ನಾಣ್ಯದ ಗಣಿಗಾರಿಕೆಗೆ ಗ್ರಾಫಿಕ್ಸ್ ಕಾರ್ಡುಗಳ ಅಗತ್ಯ ನಿಂತುಹೋದ ಮೇಲೆ ಹಗಲಿರುಳು ದುಡಿದು ದಣಿದ ಕಾರ್ಡುಗಳು ಅಗ್ಗಕ್ಕೆ ಮಾರಾಟಕ್ಕೆ ಬಂದವು. ಅಂಥದ್ದನ್ನು ಕೊಂಡವರು ಪೇಸ್ಟ್ ಒಣಗಿದೆ ಎಂದೇ ತಿಳಿದು ಮುಂದುವರಿಯುವುದು ಕ್ಷೇಮ.

ಪೇಸ್ಟ್ ದಾಟಿದ ಶಾಖವನ್ನು ತಾಮ್ರದ ಕೊಳವೆಗಳು ಒಯ್ಯುತ್ತವೆ. ಇವು ಗಟ್ಟಿ ಸರಳುಗಳಲ್ಲ. ಒಳಗೆ ಗಾಳಿ ತೆಗೆದು ಸ್ವಲ್ಪವೇ ನೀರು ಹಾಕಿ ಮುಚ್ಚಿದ ಪೊಳ್ಳು ಕೊಳವೆಗಳು. ಬಿಸಿ ತುದಿಯಲ್ಲಿ ನೀರು ಆವಿಯಾಗುತ್ತದೆ, ತಣ್ಣನೆಯ ತುದಿಯಲ್ಲಿ ಮತ್ತೆ ಹನಿಯಾಗಿ ಒಳಗೋಡೆಯ ಬತ್ತಿಯಂಥ ಪದರದ ಮೂಲಕ ಹಿಂದಕ್ಕೆ ಹರಿಯುತ್ತದೆ. ಕಡುಬು ಬೇಯುವಾಗ ಪಾತ್ರೆಯ ಮುಚ್ಚಳದ ಒಳಗೆ ಕಟ್ಟುವ ಹನಿಗಳನ್ನು ನೋಡಿಲ್ಲವೇ? ಆ ಹನಿ ಕೈಗೆ ಬಿದ್ದರೆ ಎಷ್ಟು ಸುಡುತ್ತದೆಂಬುದೂ ಗೊತ್ತಲ್ಲ. ಆವಿ ಅಷ್ಟು ಶಾಖವನ್ನು ಹೊತ್ತು ತರುತ್ತದೆ. ಕೊಳವೆಯಿಂದ ಮುಂದೆ ತೆಳು ಲೋಹದ ರೆಕ್ಕೆಗಳು, ರೆಕ್ಕೆಗಳ ನಡುವೆ ಫ್ಯಾನಿನ ಗಾಳಿ. ಇಲ್ಲಿ ತಡೆ ಹುಟ್ಟಿಸುವುದು ಧೂಳು. ಒಣ ಊರಿನ ಧೂಳು ಊದಿದರೆ ಹಾರುತ್ತದೆ. ಸೌದೆ ಒಲೆಯ ಹೊಗೆ ಆಡುವ, ವರ್ಷದಲ್ಲಿ ಅರ್ಧ ಕಾಲ ತೇವವಿರುವ ನಮ್ಮ ಮನೆಗಳ ಧೂಳು ಜಿಡ್ಡಾಗಿ ಕಂಬಳಿಯಂತೆ ಅಂಟಿಕೊಳ್ಳುತ್ತದೆ.

ಆ ಭಾನುವಾರ ನಾವಿಬ್ಬರೂ ಜಗಲಿಯಲ್ಲಿ ಹಳೆಯ ಬಿಳಿ ಪಂಚೆ ಹಾಸಿ ಕೂತೆವು. ಪ್ಲಗ್ಗನ್ನು ಗೋಡೆಯಿಂದ ಕಿತ್ತು, ಪೆಟ್ಟಿಗೆಯ ಲೋಹ ಮುಟ್ಟಿ ಮೈಯ ಸ್ಥಾಯೀ ವಿದ್ಯುತ್ತನ್ನು ಕಳೆದುಕೊಂಡು, ಕಾರ್ಡನ್ನು ಹೊರತೆಗೆದೆವು. ಸ್ಕ್ರೂಗಳನ್ನು ಒಂದೇ ಬದಿಯಿಂದ ಬಿಚ್ಚಬಾರದು. ಎದುರುಬದುರಾಗಿ, ಅರ್ಧ ಸುತ್ತಿನಂತೆ ಸಡಿಲಿಸಬೇಕು. ಇಲ್ಲವಾದರೆ ಚಿಪ್ಪಿನ ಮೂಲೆ ಒಡೆದೀತು. ಫ್ಯಾನಿನ ತಂತಿ ಗಿಡ್ಡವಾಗಿರುತ್ತದೆ, ಹೀಟ್‌ಸಿಂಕನ್ನು ಎಳೆದು ಎತ್ತುವ ಅವಸರ ಬೇಡ. ಹಳೆಯ ಪೇಸ್ಟನ್ನು ಐಸೋಪ್ರೊಪೈಲ್ ಆಲ್ಕೊಹಾಲ್ ತೊಯ್ದ ಬಟ್ಟೆಯಿಂದ ಒರೆಸಿ, ನಡುವೆ ಬಟಾಣಿಗಿಂತ ಚಿಕ್ಕದಾಗಿ ಹೊಸ ಪೇಸ್ಟ್ ಇಟ್ಟೆವು. ರೆಕ್ಕೆಗಳನ್ನು ಬ್ರಷ್ಷಿನಿಂದ ಉಜ್ಜಿದೆವು. ಗಾಳಿ ಊದುವಾಗ ಫ್ಯಾನನ್ನು ಬೆರಳಿನಿಂದ ಹಿಡಿದುಕೊಳ್ಳಬೇಕು, ಸುಮ್ಮನೆ ಗಿರ್ರೆಂದು ತಿರುಗಲು ಬಿಟ್ಟರೆ ಬೇರಿಂಗ್ ಕೆಡುತ್ತದೆ.

ಇಲ್ಲೊಂದು ಕಡೆ ನಾನೇ ಎಡವಿದೆ. ನೆನಪುಕೋಶದ ಚಿಪ್‌ಗಳ ಮೇಲೆ ಮೆತ್ತನೆಯ ಥರ್ಮಲ್ ಪ್ಯಾಡುಗಳಿರುತ್ತವೆ. ಅವು ಹರಿದಿದ್ದವು. ನನ್ನ ಚೀಲದಲ್ಲಿದ್ದ ಹೊಸ ಪ್ಯಾಡ್ ಅರ್ಧ ಮಿಲಿಮೀಟರ್ ದಪ್ಪವಾಗಿತ್ತು. “ಇರಲಿ, ಒತ್ತಿದರೆ ಕೂರುತ್ತದೆ” ಎಂದು ಜಂಬದಿಂದ ಹಾಕಿದೆ. ಯಂತ್ರ ಚಾಲೂ ಮಾಡಿದ ಎರಡೇ ನಿಮಿಷದಲ್ಲಿ ಚಿಪ್ 90 ದಾಟಿತು. ದಪ್ಪ ಪ್ಯಾಡು ಹೀಟ್‌ಸಿಂಕನ್ನು ಎತ್ತಿ ಹಿಡಿದಿತ್ತು, ಮುಖ್ಯ ಚಿಪ್ಪಿಗೆ ಅದು ಸರಿಯಾಗಿ ತಾಗಲೇ ಇಲ್ಲ. ಹುಡುಗ ನನ್ನ ಮುಖ ನೋಡಿದ, ಏನೂ ಹೇಳಲಿಲ್ಲ. ಮತ್ತೆ ಬಿಚ್ಚಿ, ಸರಿಯಾದ ದಪ್ಪದ ಪ್ಯಾಡನ್ನು ಮರುದಿನ ಸುಳ್ಯದಿಂದ ತರಿಸಿ ಹಾಕಿದ ಮೇಲೆ 32 ಡಿಗ್ರಿಯ ಕೋಣೆಯಲ್ಲಿ ಚಿಪ್ 70ಕ್ಕೆ ನಿಂತಿತು. ವ್ಯತ್ಯಾಸ 38, ಉಷ್ಣ ತಡೆ 0.32. ಇಷ್ಟಕ್ಕೆ ಖರ್ಚಾದದ್ದು ಕೆಲವೇ ನೂರು ರೂಪಾಯಿ. ಅವನಿಗೆ ಸೋಮವಾರದ ಗಡುವು ತಪ್ಪಿತು. ಎರಡು ದಿನದ ಅವಕಾಶ ಕೇಳಿಕೊಂಡು ಬಂದ.

ಇನ್ನು ಮುಂದಕ್ಕೆ ಹೋಗುವವರೂ ಇದ್ದಾರೆ. ಕಾರ್ಡಿನ ಪುಟ್ಟ ಫ್ಯಾನುಗಳನ್ನೂ ಪ್ಲಾಸ್ಟಿಕ್ ಹೊದಿಕೆಯನ್ನೂ ತೆಗೆದುಹಾಕಿ, 120 ಮಿಲಿಮೀಟರಿನ ಎರಡು ಫ್ಯಾನುಗಳನ್ನು ಪ್ಲಾಸ್ಟಿಕ್ ಪಟ್ಟಿಗಳಿಂದ ರೆಕ್ಕೆಗಳಿಗೇ ಕಟ್ಟುವುದು ಒಂದು ಬಗೆ. ನೋಡಲು ಚೆಂದವಿಲ್ಲ, ಕೆಲಸ ಮಾತ್ರ ಚೆನ್ನಾಗಿ ಮಾಡುತ್ತದೆ. ದೊಡ್ಡ ಫ್ಯಾನು ನಿಧಾನವಾಗಿ ತಿರುಗಿಯೂ ಹೆಚ್ಚು ಗಾಳಿ ತಳ್ಳುವುದರಿಂದ ಸದ್ದೂ ಕಡಿಮೆ. ಸದ್ದಿನ ಮಾತು ಬಂದಾಗ 2003ರ ಜಿಫೋರ್ಸ್ ಎಫ್‌ಎಕ್ಸ್ 5800 ಅಲ್ಟ್ರಾ ಕಾರ್ಡಿನ ಪಾಡು ನೆನಪಾಗುತ್ತದೆ. ಅದರ ಫ್ಯಾನಿನ ಕೂಗನ್ನು ಜನ ಕಸಗುಡಿಸುವ ಯಂತ್ರಕ್ಕೆ ಹೋಲಿಸಿ ನಕ್ಕರು, ಕೊನೆಗೆ ತಯಾರಕರೇ ತಮ್ಮನ್ನು ತಾವು ಗೇಲಿ ಮಾಡಿಕೊಂಡು ಒಂದು ವಿಡಿಯೋ ಮಾಡಿದರು.

ನೀರಿನ ತಂಪು ಇನ್ನೊಂದು ಬಗೆ. ಅದೇ ಗಾತ್ರದ ಗಾಳಿಗಿಂತ ನೀರು ಮೂರು ಸಾವಿರ ಪಟ್ಟಿಗೂ ಹೆಚ್ಚು ಶಾಖ ಹೊರಬಲ್ಲದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಕೆಲಸ ಆರಂಭಿಸಿದ ‘ಪರಮ್ ಪ್ರವೇಗ’ 3.3 ಪೆಟಾಫ್ಲಾಪ್ ಸಾಮರ್ಥ್ಯದ ಮಹಾಗಣಕ, ಅದರಲ್ಲೂ ಗ್ರಾಫಿಕ್ಸ್ ಚಿಪ್‌ಗಳಿವೆ. ಅಷ್ಟು ದೊಡ್ಡ ಯಂತ್ರಗಳಿಗೆ ಲೆಕ್ಕ ಮಾಡುವುದು ಎಷ್ಟು ಮುಖ್ಯವೋ ಶಾಖ ತೆಗೆಯುವುದೂ ಅಷ್ಟೇ ಮುಖ್ಯ, ಅಂಥವುಗಳಲ್ಲಿ ಹಲವಕ್ಕೆ ನೀರನ್ನು ಚಿಪ್ಪಿನ ಬಳಿಗೇ ಕೊಳವೆಯಲ್ಲಿ ತರುತ್ತಾರೆ. ಮನೆಯಲ್ಲಿ ಪ್ರೊಸೆಸರಿಗೆಂದು ಮಾಡಿದ ನೀರಿನ ತಂಪುಕಾರಕವನ್ನು ಗ್ರಾಫಿಕ್ಸ್ ಚಿಪ್ಪಿಗೆ ಕೂರಿಸುವವರು ಒಂದು ವಿಷಯ ಮರೆಯುತ್ತಾರೆ. ಕಾರ್ಡಿನ ಮೇಲೆ 12 ವೋಲ್ಟನ್ನು ಸುಮಾರು ಒಂದು ವೋಲ್ಟಿಗೆ ಇಳಿಸುವ ಪುಟ್ಟ ಭಾಗಗಳಿವೆ. ಒಂದು ವೋಲ್ಟಿನಲ್ಲಿ ನೂರು ವ್ಯಾಟ್ ಎಂದರೆ ನೂರು ಆಂಪಿಯರ್ ಕರೆಂಟು! ಅವೂ ಸುಡುತ್ತವೆ. ಹಳೆಯ ಫ್ಯಾನ್ ತೆಗೆದ ಮೇಲೆ ಅವುಗಳಿಗೆ ಗಾಳಿ ಯಾರು ಕೊಡುತ್ತಾರೆ? ಚಿಪ್ 50 ಡಿಗ್ರಿಯಲ್ಲಿ ತಣ್ಣಗೆ ಕೂತಿರುವಾಗ ಪಕ್ಕದ ಭಾಗ ಸುಟ್ಟು ಕಾರ್ಡು ಸತ್ತುಹೋಗಬಹುದು.

ಐಸ್ ನೀರು ಹಾಕಿದರೆ ಹೇಗೆ ಎಂದು ಕೇಳುವವರು ಉಂಟು. ಮಳೆಗಾಲದ ಸಂಪಾಜೆಯಲ್ಲಿ ಕೋಣೆಯ ಉಷ್ಣತೆ 26, ಗಾಳಿಯ ಆರ್ದ್ರತೆ ನೂರಕ್ಕೆ 90 ಎಂದಿಟ್ಟುಕೊಳ್ಳಿ. ಆಗ ಇಬ್ಬನಿ ಬಿಂದು ಸುಮಾರು 24 ಡಿಗ್ರಿ. ಅದಕ್ಕಿಂತ ತಣ್ಣಗಾದ ಯಾವ ವಸ್ತುವಿನ ಮೇಲೂ ನೀರು ಹನಿಗಟ್ಟುತ್ತದೆ. ಅಂದರೆ ಕೋಣೆಗಿಂತ ಎರಡೇ ಡಿಗ್ರಿ ಕೆಳಗಿಳಿದರೂ ಕಾರ್ಡು ಬೆವರುತ್ತದೆ, ವಿದ್ಯುತ್ ಹರಿಯುವ ತಂತಿಗಳ ನಡುವೆ ನೀರು. ಮೈನಸ್ 196 ಡಿಗ್ರಿಯ ದ್ರವ ಸಾರಜನಕ ಸುರಿದು ದಾಖಲೆ ಮಾಡುವ ಸ್ಪರ್ಧಿಗಳು ಕಾರ್ಡಿಗೆಲ್ಲ ವ್ಯಾಸಲೀನ್ ಬಳಿದೋ ಚಿತ್ರಕಾರರ ಮೆತ್ತನೆ ರಬ್ಬರ್ ಅಂಟಿಸಿಯೋ ಹನಿಯನ್ನು ತಡೆಯುತ್ತಾರೆ. ಅದು ಕೆಲವು ನಿಮಿಷಗಳ ಆಟ. ಸಾಧಾರಣ ಗಾಳಿಯ ಅಥವಾ ನೀರಿನ ತಂಪು ಎಂದೂ ಕೋಣೆಯ ಉಷ್ಣತೆಗಿಂತ ಕೆಳಗೆ ಹೋಗದು, ಆದ್ದರಿಂದ ಅಲ್ಲಿ ಈ ಭಯವಿಲ್ಲ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ತಂಪಾಯಿತು, ಇನ್ನು ವೇಗ ಏರಿಸಬಹುದೇ? ಚಿಪ್ ಬಳಸುವ ವಿದ್ಯುತ್ತು ಗಡಿಯಾರದ ವೇಗಕ್ಕೆ ನೇರ ಅನುಪಾತದಲ್ಲಿ, ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿ ಹೆಚ್ಚುತ್ತದೆ. ವೇಗವನ್ನು ನೂರಕ್ಕೆ ಹತ್ತು ಏರಿಸಿ, ಅದು ತಡವರಿಸದಿರಲೆಂದು ವೋಲ್ಟೇಜನ್ನು ನೂರಕ್ಕೆ ಐದು ಏರಿಸಿದೆವು ಎನ್ನಿ. 1.10ನ್ನು 1.05ರ ವರ್ಗದಿಂದ ಗುಣಿಸಿದರೆ 1.21. ಅಂದರೆ 120 ವ್ಯಾಟ್ ಹೋಗಿ 145 ಆಯಿತು. ಹೊಸ ಉಷ್ಣ ತಡೆ 0.32ರಿಂದ ಗುಣಿಸಿದರೆ 46. ಕೋಣೆಯ 32 ಸೇರಿಸಿದರೆ ಚಿಪ್ 78. ಒಂದು ಇಡೀ ದಿನ ಮೈಮುರಿದು ಗಳಿಸಿದ ಹತ್ತು ಡಿಗ್ರಿಯಲ್ಲಿ ಎಂಟನ್ನು ಹತ್ತು ಪ್ರತಿಶತ ವೇಗ ನುಂಗಿಹಾಕಿತು! ಪ್ರತಿಫಲ? ಇಪ್ಪತ್ತನಾಲ್ಕು ಗಂಟೆಯ ಕೆಲಸ ಹೆಚ್ಚೆಂದರೆ ಇಪ್ಪತ್ತೆರಡು ಗಂಟೆಯಲ್ಲಿ ಮುಗಿದೀತು. ನೆನಪುಕೋಶದ ವೇಗ ಏರಿಸುವಾಗಲೂ ಒಂದು ಮೋಸವಿದೆ. ತಪ್ಪಾದ ಮಾಹಿತಿಯನ್ನು ತಾನೇ ಗುರುತಿಸಿ ಮತ್ತೊಮ್ಮೆ ಕಳಿಸುವ ಏರ್ಪಾಡು ಅದರಲ್ಲಿರುವುದರಿಂದ, ಅತಿಯಾಗಿ ಏರಿಸಿದರೆ ಯಂತ್ರ ನಿಲ್ಲುವುದಿಲ್ಲ, ಸದ್ದಿಲ್ಲದೆ ನಿಧಾನವಾಗುತ್ತದೆ. ಪರದೆಯ ಮೇಲಿನ ಸಂಖ್ಯೆ ದೊಡ್ಡದು, ಕೆಲಸ ಕಡಿಮೆ.

ನನಗೆ ಹೆಚ್ಚು ಇಷ್ಟವಾಗುವುದು ಇದರ ತಿರುವುಮುರುವು. ಆಫ್ಟರ್‌ಬರ್ನರಿನಂಥ ಉಚಿತ ತಂತ್ರಾಂಶದಲ್ಲಿ ವೇಗವನ್ನು ಇದ್ದಲ್ಲೇ ಇಟ್ಟು ವೋಲ್ಟೇಜನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸುವುದು. 1.05 ವೋಲ್ಟಿನಲ್ಲಿ ಓಡುತ್ತಿದ್ದದ್ದು 0.95ರಲ್ಲೂ ತಪ್ಪಿಲ್ಲದೆ ಓಡಿದರೆ ವರ್ಗದ ಲೆಕ್ಕದಲ್ಲಿ ವಿದ್ಯುತ್ತು ನೂರಕ್ಕೆ 18 ಉಳಿಯಿತು. 120 ವ್ಯಾಟ್ 98ಕ್ಕೆ ಇಳಿದು ಚಿಪ್ 63ರ ಆಸುಪಾಸಿಗೆ ಬರುತ್ತದೆ. ತಂಪಾದ ಕಾರ್ಡು ಬೂಸ್ಟ್ ವೇಗವನ್ನು ಬಿಡದೆ ಹಿಡಿದುಕೊಳ್ಳುತ್ತದೆ. ಎಲ್ಲ ಚಿಪ್ಪೂ ಇಷ್ಟು ಇಳಿಯಲು ಒಪ್ಪುವುದಿಲ್ಲ, ಒಂದೊಂದರ ಜಾಯಮಾನ ಒಂದೊಂದು. ಇಳಿಸಿದಾಗಲೆಲ್ಲ ಗಂಟೆಗಟ್ಟಲೆ ಓಡಿಸಿ ಚುಕ್ಕೆ ಬೀಳುವುದೇ ಎಂದು ನೋಡಬೇಕು.

ಅಳತೆಯ ವಿಷಯದಲ್ಲಿ ಒಂದು ಎಚ್ಚರಿಕೆ. ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಎತ್ತರ, ಘಟ್ಟದ ಬುಡದ ಸಂಪಾಜೆಗಿಂತ ಆರೇಳು ಡಿಗ್ರಿ ತಂಪು. ಸಂಪಾಜೆಯಲ್ಲಿ 80 ತೋರಿಸಿದ ಅದೇ ಕಾರ್ಡು, ಏನೂ ಮಾಡದೆ, ಮಡಿಕೇರಿಯ 25 ಡಿಗ್ರಿಯ ಕೋಣೆಯಲ್ಲಿ 73 ತೋರಿಸುತ್ತದೆ. (ಅಲ್ಲಿ ಗಾಳಿ ಹತ್ತನೇ ಒಂದು ಪಾಲಿನಷ್ಟು ತೆಳು, ಆದ್ದರಿಂದ ಫ್ಯಾನಿನ ಬಲವೂ ತುಸು ಕಡಿಮೆ, ಒಂದೆರಡು ಡಿಗ್ರಿ ಹೆಚ್ಚು ಕಂಡರೆ ಆಶ್ಚರ್ಯವಿಲ್ಲ.) ಗೆಳೆಯನ ಕಾರ್ಡು ತಮ್ಮದಕ್ಕಿಂತ ತಂಪೆಂದು ಕೊರಗುವವರು ಅವನ ಕೋಣೆಯ ಉಷ್ಣತೆಯನ್ನೂ ಕೇಳಬೇಕು. ಪುಸ್ತಕದಲ್ಲಿ ಬರೆದಿಡಬೇಕಾದದ್ದು ಚಿಪ್ಪಿನ ಉಷ್ಣತೆಯನ್ನಲ್ಲ, ವ್ಯತ್ಯಾಸವನ್ನು.

ಹುಡುಗ ಈಗ ಹಾಗೇ ಬರೆದಿಡುತ್ತಾನೆ. ಅವನ ಚಿತ್ರ ಬುಧವಾರ ಮುಗಿಯಿತು, ಕಡಿಮೆ ವೋಲ್ಟೇಜಿನಲ್ಲಿ, ಹೆಚ್ಚಿಸದ ವೇಗದಲ್ಲಿ, ಚುಕ್ಕೆಗಳಿಲ್ಲದೆ. ಟೇಬಲ್ ಫ್ಯಾನ್ ಅವನ ಅಮ್ಮನ ಕೋಣೆಗೆ ಮರಳಿತು. ಜೂನಿನಲ್ಲಿ ಫೋನ್ ಮಾಡಿದಾಗ ಹೊಸ ಸಮಸ್ಯೆ ಹೇಳಿದ: “ಮಾವಾ, ಪೆಟ್ಟಿಗೆಯೊಳಗೆ ಇರುವೆ ಗೂಡು ಕಟ್ಟಿವೆ.” ಮಳೆಗಾಲದಲ್ಲಿ ಬೆಚ್ಚಗಿನ ಒಣ ಜಾಗ ಅವಕ್ಕೆ ಬೇರೆಲ್ಲಿ ಸಿಗಬೇಕು? ಪಕ್ಕದ ತಗಡನ್ನು ಮುಚ್ಚು, ಗಾಳಿಕಂಡಿಗಳಿಗೆ ಸಣ್ಣ ಕಣ್ಣಿನ ಜಾಲರಿ ಹಾಕು, ತಿಂಗಳಿಗೊಮ್ಮೆ ಆ ಜಾಲರಿ ತೊಳೆ ಎಂದೆ. ಜಾಲರಿ ಹಾಕಿದ ಮೇಲೆ ವ್ಯತ್ಯಾಸ ಎರಡು ಡಿಗ್ರಿ ಹೆಚ್ಚಾಯಿತಂತೆ. ಅದನ್ನೂ ಬರೆದಿಟ್ಟಿದ್ದಾನೆ.